ವಿಂಡೋಸ್ ರಿಸ್ಟೋರ್ ಪಾಯಿಂಟ್: ಆನ್ ಮಾಡಿಟ್ಕೊಳ್ಳಿ, ಆದ್ರೆ ಇದನ್ನೇ ಬ್ಯಾಕಪ್ ಅಂತ ನಂಬ್ಕೋಬೇಡಿ

ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರ್‌ಗೆಲ್ಲಾ ಜನ ಉದ್ದುದ್ದ ರಿವ್ಯೂ ಬರೀತಾರೆ, ವಿಂಡೋಸ್ ಒಳಗೇ ಪುಕ್ಸಟ್ಟೆ ಕೂತಿರೋ ಸಿಸ್ಟಮ್ ರಿಸ್ಟೋರ್ (ವಿಂಡೋಸ್ ಒಂದು ದಿನ ಹೇಗಿತ್ತೋ ಗುರುತು ಹಾಕಿಟ್ಕೊಂಡು, ಕೆಟ್ಟಾಗ ಆ ಸ್ಥಿತಿಗೇ ವಾಪಸ್ ತರೋ ಟೂಲು, ಆ ಗುರುತೇ ರಿಸ್ಟೋರ್ ಪಾಯಿಂಟ್) ಬಗ್ಗೆ ಯಾರೂ ನಾಲ್ಕು ಮಾತು ಬರೆಯಲ್ಲ. 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದಿದ್ದು ಇದು. ಆ ಎಂಇ ಈಗ ಯಾರಿಗೂ ನೆನಪಿಲ್ಲ (ನೆನಪಿರೋರು ಬೈಯೋಕೆ ಮಾತ್ರ ನೆನೆಸ್ಕೊಳ್ತಾರೆ), ಆದ್ರೆ ಈ ಟೂಲ್ ಮಾತ್ರ ಎಕ್ಸ್‌ಪಿ, ವಿಸ್ಟಾ, ಸೆವೆನ್, ಟೆನ್ ಎಲ್ಲಾ ದಾಟ್ಕೊಂಡು ಹನ್ನೊಂದರವರೆಗೂ ಬಂದುಬಿಟ್ಟಿದೆ, ಅದರ ವಿಂಡೋ ನೋಡಿದ್ರೆ ಈಗ್ಲೂ ಹಳೇ ಕಾಲದ್ದೇ ಅನ್ಸತ್ತೆ.

ಮೊದಲೇ ಮಾರ್ಕ್ಸ್ ಹೇಳಿಬಿಡ್ತೀನಿ, 5ಕ್ಕೆ 3.5. ಕೆಲಸ ಮಾಡಿದಾಗ ಇದರಷ್ಟು ನೆಮ್ಮದಿ ಕೊಡೋ ಟೂಲ್ ಇನ್ನೊಂದಿಲ್ಲ, ಆದ್ರೆ ಬಹಳಷ್ಟು ಪಿಸಿಗಳಲ್ಲಿ ಇದು ಆಫ್ ಆಗೇ ಬರತ್ತೆ, ಇನ್ನು ಕೈ ಕೊಟ್ಟಾಗ ಯಾಕೆ ಕೊಡ್ತು ಅಂತ ಬಾಯಿ ಬಿಡಲ್ಲ.

ಇದರ ಅಸಲಿ ಕೆಲಸ ಏನು ಅಂತ ನಾನು ನೋಡಿದ್ದು ಡ್ರೈವರ್ (ಹಾರ್ಡ್‌ವೇರ್ ಓಡಿಸೋ ಸಾಫ್ಟ್‌ವೇರ್) ವಿಷಯದಲ್ಲಿ. ಲ್ಯಾಪ್‌ಟಾಪ್ ಜೊತೆ ಬಂದಿದ್ದ ಅಪ್‌ಡೇಟ್ ಸಾಫ್ಟ್‌ವೇರ್ ಒಂದು ತಾನಾಗೇ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕ್ತು, ರೀಸ್ಟಾರ್ಟ್ ಮಾಡಿದ್ರೆ ಲೋಗೋ ಬರತ್ತೆ, ಚುಕ್ಕಿ ಸುತ್ತತ್ತೆ, ಆಮೇಲೆ ಕಪ್ಪು ಸ್ಕ್ರೀನ್, ಮೌಸ್ ಬಾಣ ಒಂದು ಬಿಟ್ರೆ ಬೇರೇನಿಲ್ಲ. ಇಂಥ ಟೈಮಲ್ಲಿ ಡೆಸ್ಕ್‌ಟಾಪ್‌ಗೇ ಹೋಗೋಕಾಗಲ್ಲ ಅಂದ್ಮೇಲೆ ರಿಸ್ಟೋರ್ ಎಲ್ಲಿಂದ ಮಾಡೋದು ಅಂತ ಎಷ್ಟೋ ಜನ ಅಲ್ಲೇ ಕೈಚೆಲ್ಲಿ ಫಾರ್ಮ್ಯಾಟ್ ಮಾಡಿಸ್ತಾರೆ. ಬೇಕಾಗಿಲ್ಲ. ಬೂಟ್ ಆಗ್ತಿರೋವಾಗ್ಲೇ ಪವರ್ ಬಟನ್ ಒತ್ತಿ ಹಿಡಿದು ಎರಡು ಮೂರು ಸಲ ಆಫ್ ಮಾಡಿದ್ರೆ ವಿಂಡೋಸ್‌ಗೇ ಅನುಮಾನ ಬಂದು ಆಟೋಮ್ಯಾಟಿಕ್ ರಿಪೇರ್ ಅಂತ ನೀಲಿ ಸ್ಕ್ರೀನ್ ತೋರಿಸತ್ತೆ, ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಸಿಸ್ಟಮ್ ರಿಸ್ಟೋರ್. ಲಾಗಿನ್ ಸ್ಕ್ರೀನ್‌ವರೆಗಾದ್ರೂ ಹೋಗ್ತಿದ್ರೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ರೂ ಅದೇ ಜಾಗಕ್ಕೆ ಬರ್ತೀರ.

ಪಾಯಿಂಟ್‌ಗಳ ಪಟ್ಟಿ ಬರತ್ತಲ್ಲ, ತಾರೀಖು, ಟೈಮು, ಏನಕ್ಕೆ ಮಾಡಿದ್ದು ಅನ್ನೋ ಒಂದು ಸಾಲು, ಅಲ್ಲೇ ಕೆಳಗೆ ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್ ಅಂತ ಒಂದು ಬಟನ್ ಇದೆ. ಬಹಳ ಜನ ಇದನ್ನ ಒತ್ತೋದೇ ಇಲ್ಲ, ನನ್ನ ಕೇಳಿದ್ರೆ ಇಡೀ ಟೂಲಲ್ಲಿ ಒಳ್ಳೇ ಬಟನ್ನೇ ಇದು. ಈ ಪಾಯಿಂಟ್‌ಗೆ ಹಿಂದೆ ಹೋದ್ರೆ ಯಾವ ಸಾಫ್ಟ್‌ವೇರ್, ಡ್ರೈವರ್ ಹಾರಿ ಹೋಗತ್ತೆ, ಯಾವುದು ವಾಪಸ್ ಬರತ್ತೆ ಅಂತ ಎರಡು ಪಟ್ಟಿ ಮಾಡಿ ಮೊದಲೇ ತೋರಿಸತ್ತೆ. ನನಗೆ ಮೇಲಿನ ಪಟ್ಟಿಲಿ ಆ ಗ್ರಾಫಿಕ್ಸ್ ಡ್ರೈವರ್ ಕಂಡ ತಕ್ಷಣ ಸರಿಯಾದ ಪಾಯಿಂಟೇ ಹಿಡಿದಿದ್ದೀನಿ ಅಂತ ಖಾತ್ರಿ ಆಯ್ತು. ಫಿನಿಶ್ ಒತ್ತಿದ್ರೆ, ಶುರು ಆದ್ಮೇಲೆ ಮಧ್ಯದಲ್ಲಿ ನಿಲ್ಲಿಸೋಕಾಗಲ್ಲ ಅಂತ ಎಚ್ಚರಿಕೆ ಬರತ್ತೆ, ಅದು ಸುಮ್ನೆ ಹೆದರಿಸೋ ಮಾತಲ್ಲ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲಾ ಬರೆದಿಟ್ಕೊಳ್ಳೋ ಜಾಗ) ರಿಸ್ಟೋರ್ ಆಗ್ತಿದೆ ಅನ್ನೋ ಸಾಲಲ್ಲಿ ಹಂಗೇ ನಿಂತುಬಿಡತ್ತೆ, ಹ್ಯಾಂಗ್ ಆಯ್ತೇನೋ ಅನ್ಸತ್ತೆ, ಅಲ್ಲಿ ಪವರ್ ಆಫ್ ಮಾಡೋರೇ ಕೆಟ್ಟರು. ಎಸ್‌ಎಸ್‌ಡಿ ಇದ್ರೆ ಪರವಾಗಿಲ್ಲ, ಹಳೇ ಹಾರ್ಡ್ ಡಿಸ್ಕ್ ಇದ್ರೆ ಚಾರ್ಜರ್ ಹಾಕಿ ಎದ್ದುಹೋಗಿ ಬೇರೆ ಕೆಲಸ ನೋಡ್ಕೊಳ್ಳಿ.

ಮುಗಿದ್ಮೇಲೆ ಸ್ಕ್ರೀನ್ ಬಂತು, ಅವತ್ತು ಬೆಳಗ್ಗೆ ಟೈಪ್ ಮಾಡಿದ್ದ ಫೈಲೂ ಇದ್ದಲ್ಲೇ ಇತ್ತು. ಡಾಕ್ಯುಮೆಂಟು, ಫೋಟೋ, ಮೇಲ್ ಇವನ್ನ ಇದು ಮುಟ್ಟಲ್ಲ. ಸಿಸ್ಟಮ್ ಫೈಲು, ರಿಜಿಸ್ಟ್ರಿ, ಡ್ರೈವರು, ಇನ್‌ಸ್ಟಾಲ್ ಮಾಡಿರೋ ಪ್ರೋಗ್ರಾಮು, ಇಷ್ಟೇ ಇದರ ವ್ಯಾಪ್ತಿ. ಆದ್ರೆ ಕೋಡ್ ಬರೆಯೋರು ಒಂಚೂರು ಹುಷಾರು, ಯೂಸರ್ ಫೋಲ್ಡರಲ್ಲಿ ನೀವು ಬರೆದಿಟ್ಟಿರೋ ಬ್ಯಾಚ್ ಫೈಲು, ಸ್ಕ್ರಿಪ್ಟು, ಡೌನ್‌ಲೋಡ್ಸಲ್ಲಿ ಇರೋ ಸೆಟಪ್ ಫೈಲು ಇವೆಲ್ಲಾ ಪ್ರೋಗ್ರಾಮ್ ಲೆಕ್ಕಕ್ಕೇ ಸೇರ್ಕೊಂಡು ಬದಲಾಗ್ಬೋದು, ಮಾಯಾನೂ ಆಗ್ಬೋದು. ಪರ್ಸನಲ್ ಫೈಲ್‌ಗೆ ಏನೂ ಆಗಲ್ಲ ಅನ್ನೋ ಮಾತನ್ನ ಪೂರ್ತಿ ನಂಬಿ ಕೂತ್ರೆ ಇಲ್ಲೇ ಏಟು ಬೀಳೋದು.

ಇಷ್ಟು ಹೊಗಳಿದ್ದಾಯ್ತು, ಈಗ ಬೈಗುಳ.

ಮೊದಲನೇದು ಆಗ್ಲೇ ಹೇಳಿದ್ದು, ಆನ್ ಇರಲ್ಲ. ಇದು ಆನ್ ಇಲ್ಲ ಅಂತ ಜನಕ್ಕೆ ಗೊತ್ತಾಗೋದು ಬೇಕಾದ ದಿನಾನೇ, ಪಟ್ಟಿ ತೆಗೆದು ನೋಡಿದ್ರೆ ಒಂದು ಪಾಯಿಂಟೂ ಇಲ್ಲ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅನ್ನೋ ಹಂಗೆ ಆಮೇಲೆ ಆನ್ ಮಾಡ್ತಾರೆ. ಈಗ್ಲೇ ಸ್ಟಾರ್ಟಲ್ಲಿ ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ಅಂತ ಹುಡುಕಿ, ಸಿಸ್ಟಮ್ ಪ್ರೊಟೆಕ್ಷನ್ ಟ್ಯಾಬ್ ತೆರೆಯತ್ತೆ, ಸಿ ಡ್ರೈವ್ ಎದುರಿಗೆ ಆಫ್ ಅಂತಿದ್ರೆ ಕಾನ್ಫಿಗರ್ ಒತ್ತಿ ಆನ್ ಮಾಡಿ. ಅಲ್ಲೇ ಜಾಗ ಎಷ್ಟು ಕೊಡ್ಬೇಕು ಅಂತ ಎಳೆಯೋ ಗೆರೆ ಇದೆ, 256 ಜಿಬಿ ಎಸ್‌ಎಸ್‌ಡಿಲಿ 5% ಅಂದ್ರೆ ಸುಮಾರು 12 ಜಿಬಿ, ಅಷ್ಟಿದ್ರೆ ಸಾಕು. ಹಾಂ, ಜಾಗ ಉಳಿಸೋಣ ಅಂತ ಯಾವತ್ತಾದ್ರೂ ಇದನ್ನ ಆಫ್ ಮಾಡಿದ್ರೆ ಹಳೇ ಪಾಯಿಂಟೆಲ್ಲಾ ಅಳಿಸಿಹೋಗತ್ತೆ, ಮತ್ತೆ ಆನ್ ಮಾಡಿದ್ರೂ ಬರಲ್ಲ.

ಎರಡನೇದು, ನಿಮಗೆ ಹೇಳದೇ ಕೇಳದೇ ನಡೆಯೋ ಕಾರುಬಾರು. ಕೊಟ್ಟಿರೋ ಜಾಗ ತುಂಬ್ತಾ ಬಂದ್ರೆ ಹಳೇ ಪಾಯಿಂಟ್‌ಗಳನ್ನ ಸದ್ದಿಲ್ಲದೆ ಅಳಿಸತ್ತೆ. ವಿಂಡೋಸ್ 11ರ 24ಎಚ್2 ವರ್ಷನ್ನಲ್ಲಿ 2025ರ ಜೂನ್ ಅಪ್‌ಡೇಟ್ ಆದ್ಮೇಲೆ, ಜಾಗ ಎಷ್ಟೇ ಇದ್ರೂ 60 ದಿನ ದಾಟಿದ್ದು ಸಿಗಲ್ಲ. ದೊಡ್ಡ ವರ್ಷನ್ ಅಪ್‌ಗ್ರೇಡ್ ಆದ್ರಂತೂ ಹಿಂದಿನವು ಉಳಿಯಲ್ಲ, ಅದಕ್ಕೆ ಗೋ ಬ್ಯಾಕ್ ಅನ್ನೋ ಬೇರೆ ದಾರಿ ಇದೆ, ಅದಕ್ಕೂ 10 ದಿನದ ಗಡುವು. ಇನ್ನೊಂದು ವಿಚಿತ್ರ, ವಿಂಡೋಸ್ 8ರಿಂದ ಈಚೆಗೆ ಯಾವುದಾದ್ರೂ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗೋವಾಗ ಪಾಯಿಂಟ್ ಮಾಡು ಅಂತ ಕೇಳಿದ್ರೆ, ಕಳೆದ 24 ಗಂಟೇಲಿ ಆಗ್ಲೇ ಒಂದು ಆಗಿದ್ರೆ ಹೊಸದು ಮಾಡೋದೇ ಇಲ್ಲ. ಬೆಳಗ್ಗೆ ಒಂದಾಗಿದೆ, ಸಂಜೆ ನೀವು ಅಪಾಯದ ಡ್ರೈವರ್ ಹಾಕ್ತೀರ, ಅದಕ್ಕೆ ಅಂತ ಪಾಯಿಂಟ್ ಆಗಿರತ್ತೆ ಅಂದ್ಕೊಂಡಿರ್ತೀರ, ಆಗಿರಲ್ಲ. ಅದಕ್ಕೇ ದೊಡ್ಡ ಬದಲಾವಣೆ ಮಾಡೋ ಮುಂಚೆ ಅದೇ ಟ್ಯಾಬಲ್ಲಿ ಕ್ರಿಯೇಟ್ ಒತ್ತಿ ಕೈಯಾರೆ ಒಂದು ಮಾಡ್ಕೊಳೋದು ವಾಸಿ, ಹೆಸರು ಕೇಳತ್ತೆ, ಟೆಸ್ಟ್ ಅಂತ ಕೊಡ್ಬೇಡಿ, ಏನು ಹಾಕೋಕೆ ಹೊರಟಿದ್ದೀರೋ ಅದನ್ನೇ ಬರೀರಿ, ತಿಂಗಳಾದ್ಮೇಲೆ ಪಟ್ಟಿಲಿ ಟೆಸ್ಟ್, ಟೆಸ್ಟ್ 2 ನೋಡಿದ್ರೆ ಏನೂ ನೆನಪಾಗಲ್ಲ.

ಮೂರನೇದು ಇದರ ತಪ್ಪಲ್ಲ, ಇದರ ಮೇಲೆ ಜನ ಇಟ್ಕೊಂಡಿರೋ ನಂಬಿಕೆದು. ರಿಸ್ಟೋರ್ ಪಾಯಿಂಟ್ ಇದೆ, ಬ್ಯಾಕಪ್ ಯಾಕೆ ಅಂತಾರೆ. ಒಳಗೆ ಏನು ನಡೆಯತ್ತೆ ಗೊತ್ತಾದ್ರೆ ಹಂಗನ್ನಲ್ಲ. ವಿಸ್ಟಾದಿಂದ ಇದು ಶ್ಯಾಡೋ ಕಾಪಿ ಅನ್ನೋ ವ್ಯವಸ್ಥೆ ಮೇಲೆ ನಡೀತಿದೆ. ಪಾಯಿಂಟ್ ಮಾಡಿದ ಕ್ಷಣ ಡಿಸ್ಕಲ್ಲಿರೋದನ್ನೆಲ್ಲ ಕಾಪಿ ಮಾಡ್ಕೊಳಲ್ಲ, ಆಮೇಲೆ ಯಾವ ಬ್ಲಾಕ್ (ಡಿಸ್ಕಿನ ಒಂದು ತುಣುಕು) ಮೇಲೆ ಹೊಸದು ಬರೆಯೋಕೆ ಹೋಗ್ತೀವೋ ಆ ಬ್ಲಾಕಿನ ಹಳೇ ರೂಪವನ್ನ ಮಾತ್ರ ಪಕ್ಕಕ್ಕೆ ಎತ್ತಿಡತ್ತೆ. ಅಷ್ಟು ಬೇಗ ಪಾಯಿಂಟ್ ರೆಡಿ ಆಗೋದು ಅದಕ್ಕೇ, ಜಾಗ ಕಮ್ಮಿ ತಿನ್ನೋದೂ ಅದಕ್ಕೇ. ಅಂದ್ರೆ ಬದಲಾಗದೇ ಇರೋ ಮಿಕ್ಕ ಬ್ಲಾಕ್‌ಗಳೆಲ್ಲಾ ಅದೇ ಡಿಸ್ಕಲ್ಲೇ ಇರತ್ತೆ, ಎತ್ತಿಟ್ಟಿದ್ದೂ ಅದೇ ಡಿಸ್ಕಲ್ಲೇ, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಅನ್ನೋ ಬೀಗ ಹಾಕಿದ ಫೋಲ್ಡರಲ್ಲಿ. ಡಿಸ್ಕ್ ಸತ್ರೆ ಎರಡೂ ಒಟ್ಟಿಗೇ ಸಾಯತ್ತೆ, ಲ್ಯಾಪ್‌ಟಾಪ್ ಕಳ್ಳತನ ಆದ್ರೆ ಎರಡೂ ಒಟ್ಟಿಗೇ ಹೋಗತ್ತೆ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಬರೆಯೋರಿಗೂ ಇದು ಚೆನ್ನಾಗಿ ಗೊತ್ತು, 2017ರ ವಾನಾಕ್ರೈ ಫೈಲ್‌ಗಳಿಗೆ ಬೀಗ ಹಾಕೋದರ ಜೊತೆಗೇ ಶ್ಯಾಡೋ ಕಾಪಿಗಳನ್ನೂ ಅಳಿಸೋ ಕಮಾಂಡ್ ಓಡಿಸ್ತಿತ್ತು. ಫೈಲ್‌ಗಳಿಗೆ ಫೈಲ್ ಹಿಸ್ಟರಿನೋ, ಎಕ್ಸ್‌ಟರ್ನಲ್ ಡಿಸ್ಕೋ, ಕ್ಲೌಡೋ ಏನೋ ಒಂದು ಬೇರೆ ಇರ್ಲೇಬೇಕು, ಮತ್ತೆ ಆ ಎಕ್ಸ್‌ಟರ್ನಲ್ ಡಿಸ್ಕನ್ನ ಸದಾ ಚುಚ್ಚೇ ಇಟ್ಕೊಂಡಿರ್ಬೇಡಿ.

ಫೇಲ್ ಆಗೋದ್ರ ಬಗ್ಗೆ. ಎಲ್ಲಾ ಮುಗಿದು ರೀಸ್ಟಾರ್ಟ್ ಆಗಿ ಬಂದು, ಸಿಸ್ಟಮ್ ರಿಸ್ಟೋರ್ ಡಿಡ್ ನಾಟ್ ಕಂಪ್ಲೀಟ್ ಸಕ್ಸಸ್‌ಫುಲಿ ಅಂತ ಒಂದು ಡಬ್ಬಾ ಮೆಸೇಜು, ಕೆಳಗೆ ಸೊನ್ನೆ ಎಕ್ಸ್ ಇಂದ ಶುರು ಆಗೋ ಒಂದು ನಂಬರು, ಅದನ್ನ ಓದಿ ಮನುಷ್ಯರು ಏನು ಮಾಡ್ಬೇಕೋ ದೇವ್ರೇ ಬಲ್ಲ. ಎಷ್ಟೋ ಸಲ ಆಂಟಿವೈರಸ್ ಫೈಲ್ ಹಿಡ್ಕೊಂಡು ಬಿಡದೇ ಇರೋದೇ ಕಾರಣ ಆಗಿರತ್ತೆ, ಅದನ್ನ ಸ್ವಲ್ಪ ಹೊತ್ತು ಆಫ್ ಮಾಡಿ, ಇಲ್ಲಾ ಸೇಫ್ ಮೋಡಿಂದ (ಬೇಕಾದಷ್ಟು ಮಾತ್ರ ಲೋಡ್ ಆಗಿ ವಿಂಡೋಸ್ ಓಡೋ ಸ್ಥಿತಿ) ಮಾಡಿ, ಆಗದಿದ್ರೆ ಪಟ್ಟಿಲಿ ಅದರ ಹಿಂದಿನ ಪಾಯಿಂಟ್ ಹಿಡೀರಿ. ಮಾಮೂಲಿ ವಿಂಡೋಸ್ ಒಳಗಿಂದ ರಿಸ್ಟೋರ್ ಮಾಡಿದ್ರೆ ಇಷ್ಟ ಆಗದಿದ್ರೆ ಅನ್‌ಡೂ ಮಾಡೋಕೆ ಬರತ್ತೆ, ಸೇಫ್ ಮೋಡ್ ಅಥವಾ ಆ ನೀಲಿ ಸ್ಕ್ರೀನಿಂದ ಮಾಡಿದ್ರೆ ಅನ್‌ಡೂ ಇಲ್ಲ, ಹಾಗಾಗಿ ಡೆಸ್ಕ್‌ಟಾಪ್ ಬರ್ತಿರೋವಾಗ ಸುಮ್ನೆ ಅಲ್ಲಿಗೆ ಹೋಗ್ಬೇಡಿ.

ಲಿನಕ್ಸ್ ಕಡೆಯೋರು ಟೈಮ್‌ಶಿಫ್ಟ್ ಹೆಸರು ತೆಗೀದೇ ಬಿಡಲ್ಲ (ಅಲ್ಲಿ ಇದೇ ಥರ ಕೆಲಸ ಮಾಡೋ ಟೂಲ್ ಅದು), ನಿಜ, ಲಿನಕ್ಸ್ ಮಿಂಟಲ್ಲಿ ಅದು ಜೊತೇಲೇ ಬರತ್ತೆ, ದಿನಕ್ಕೆಷ್ಟು, ವಾರಕ್ಕೆಷ್ಟು ಇಟ್ಕೊಳ್ಬೇಕು ಅಂತ ನಾವೇ ಹೇಳ್ಬೋದು, ಆರ್‌ಸಿಂಕ್ ಅನ್ನೋ ಫೈಲ್ ಕಾಪಿ ಮಾಡೋ ಮೋಡಲ್ಲಿ ಬೇರೆ ಡಿಸ್ಕ್‌ಗೂ ಹಾಕ್ಬೋದು. ಆ ವಿಷಯದಲ್ಲಿ ವಿಂಡೋಸ್‌ದು ಹಿಂದೆ ಬಿದ್ದಿದೆ, ಒಪ್ಕೊಳ್ಳೋಣ.

ಕೊನೇದಾಗಿ ಒಂದು, ರಿವ್ಯೂಗೆ ಸೇರತ್ತೋ ಇಲ್ವೋ. ಬಿಟ್‌ಲಾಕರ್ ಆನ್ ಇರೋ ಲ್ಯಾಪ್‌ಟಾಪಲ್ಲಿ (ಡಿಸ್ಕಲ್ಲಿರೋದನ್ನ ಕೀ ಇಲ್ಲದೆ ಓದೋಕಾಗದ ಹಾಗೆ ಮಾಡೋ ಬೀಗ ಇದು, ಹೊಸವಲ್ಲಿ ಎಷ್ಟೋ ಕಡೆ ತಾನಾಗೇ ಆನ್ ಆಗಿರತ್ತೆ) ಆ ನೀಲಿ ಸ್ಕ್ರೀನಿಂದ ರಿಸ್ಟೋರ್‌ಗೆ ಹೋದ್ರೆ 48 ಅಂಕಿಯ ರಿಕವರಿ ಕೀ ಕೇಳ್ಬೋದು. ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆಗಿದ್ರೆ ಸಾಮಾನ್ಯವಾಗಿ ಆ ಅಕೌಂಟಲ್ಲೇ ಇರತ್ತೆ, ಬೇರೆ ಫೋನಿಂದ ನೋಡ್ಕೊಂಡು ಒಂದು ಕಡೆ ಬರೆದಿಟ್ಕೊಳ್ಳಿ. ಡೆಸ್ಕ್‌ಟಾಪ್ ಮೇಲೆ ನೋಟ್‌ಪ್ಯಾಡ್ ಫೈಲಲ್ಲಿ ಸೇವ್ ಮಾಡಿಟ್ಟವರನ್ನೂ ನೋಡಿದ್ದೀನಿ, ಪೆಟ್ಟಿಗೆ ಬೀಗದ ಕೈನ ಪೆಟ್ಟಿಗೆ ಒಳಗೇ ಇಟ್ಟಂಗೆ.