ಹಿಡಿಕೆ ಇರುವ ಕಮೋಡ್ ಸೀಟು: ಮಯೋಸೈಟಿಸ್ ಇರುವವರಿಗೆ ಎಷ್ಟು ಅನುಕೂಲ?

ಕಮೋಡ್ ಮೇಲೆ ಕೂರಿಸುವ ನಾಲ್ಕು ಇಂಚು ಎತ್ತರದ ಈ ಪ್ಲಾಸ್ಟಿಕ್ ಸೀಟನ್ನು ಮೈಸೂರಿನ ಸರ್ಜಿಕಲ್ ಅಂಗಡಿಯೊಂದರಲ್ಲಿ 2,800 ರೂಪಾಯಿಗೆ ಕೊಂಡೆವು. ಮಂಡಿನೋವಿನವರಿಗೆಂದು ಮಾರುವ ಸಾಮಾನು ಇದು. ನಮ್ಮ ಯಜಮಾನರಿಗೆ ಇರುವುದು ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ ಎಂಬ ಸ್ನಾಯುರೋಗ. ಹಾಗಾಗಿ ನಾವು ನೋಡುವ ರೀತಿಯೇ ಬೇರೆ.

ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುವ ಈ ಕಾಯಿಲೆ ತೊಡೆಯ ಮುಂಭಾಗದ ಸ್ನಾಯುಗಳನ್ನೂ ಬೆರಳು ಮಡಚುವ ಮುಂಗೈ ಸ್ನಾಯುಗಳನ್ನೂ ಕರಗಿಸುತ್ತದೆ. ಕುಳಿತಲ್ಲಿಂದ ಏಳಲು ಕಾಲಿನಲ್ಲಿ ಕಸುವಿಲ್ಲ, ಏನನ್ನಾದರೂ ಹಿಡಿದು ಏಳೋಣವೆಂದರೆ ಮುಷ್ಟಿ ಕಟ್ಟುವುದಿಲ್ಲ. ಅವರ ಭುಜದಲ್ಲಿ ಮಾತ್ರ ಇನ್ನೂ ಬಲವಿದೆ.

ಎತ್ತರಕ್ಕೆ ಪೂರ್ತಿ ಅಂಕ. ಎಬ್ಬಿಸಲು ನಾನು ಒಳಗೆ ಹೋಗಬೇಕಾಗಿಲ್ಲ. ಅವರು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾರೆ. ಇದರ ಬೆಲೆ ಅನುಭವಿಸಿದವರಿಗೇ ಗೊತ್ತು. ಹಿಡಿಕೆಗಳದ್ದೇ ತಕರಾರು. ಅವು ದುಂಡನೆಯ ನುಣುಪು ಕೊಳವೆಗಳು. ಅವರ ಕಿರುಬೆರಳು, ಉಂಗುರದ ಬೆರಳು ಕೊಳವೆಯ ಸುತ್ತ ಬಾಗುವುದೇ ಇಲ್ಲ. ಭಾರ ಬಿದ್ದೊಡನೆ ಅಂಗೈ ಜಾರುತ್ತದೆ. ಬಡಗಿಯನ್ನು ಕರೆಸಿ, ರೆಕ್ಸಿನ್ ಹೊದಿಸಿದ ಅಂಗೈ ಅಗಲದ ಹಲಗೆಗಳನ್ನು ಕೊಳವೆಗಳ ಮೇಲೆ ಕೂರಿಸಿದೆವು. ಈಗ ಮುಂಗೈಯನ್ನು ಹಲಗೆಗೆ ಊರಿ, ಭುಜದ ಬಲದಿಂದಲೇ ಏಳುತ್ತಾರೆ. ತಯಾರಕರು ಇಂಥ ಚಪ್ಪಟೆ ಹಿಡಿಕೆಯನ್ನೇ ಕೊಡಬಾರದೇ? ಬಿಗಿ ಮಾಡುವ ತಿರುಪು ಬೇರೆ ಆಗಾಗ ಸಡಿಲವಾಗುತ್ತದೆ. ಅದನ್ನು ತಿರುಗಿಸುವುದು ರೋಗಿಯ ಬೆರಳಿಗೆ ಆಗದ ಮಾತು, ಮನೆಯವರೇ ನೋಡಿಕೊಳ್ಳಬೇಕು.

ಒಂದು ಸೀಟಿನ ಬಗ್ಗೆ ಇಷ್ಟೊಂದು ಬರೆಯಲು ಕಾರಣವಿದೆ. ಮೊದಲು ಪಾಲಿಮಯೋಸೈಟಿಸ್ ಎಂಬ ಬೇರೊಂದು ಸ್ನಾಯುರೋಗವೆಂದು ಭಾವಿಸಿ ಅವರಿಗೆ ಸ್ಟಿರಾಯ್ಡ್ ಕೊಟ್ಟಿದ್ದರು, ಗುಣ ಕಾಣಲಿಲ್ಲ. ಸ್ನಾಯುವಿನ ಚೂರು ತೆಗೆದು ಬಯಾಪ್ಸಿ ಮಾಡಿದ ಮೇಲೆಯೇ ನಿಜವಾದ ರೋಗ ತಿಳಿದದ್ದು. ಈ ರೋಗಕ್ಕೆ ಹೆಸರು ಬಂದದ್ದು 1971ರಲ್ಲಿ, ತಡೆಯುವ ಔಷಧಿ ಇಂದಿಗೂ ಇಲ್ಲ. ಬಿಮಾಗ್ರುಮ್ಯಾಬ್ ಎಂಬ ಔಷಧಿಯ ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಆರು ನಿಮಿಷದಲ್ಲಿ ನಡೆಯುವ ದೂರ ಅದರಿಂದ ಹೆಚ್ಚಲಿಲ್ಲ. ಅರಿಮೋಕ್ಲೊಮಾಲ್ ಎಂಬ ಇನ್ನೊಂದು ಔಷಧಿ ಕೂಡ ಕೈಕೊಟ್ಟಿತು. ಮೂತ್ರಪಿಂಡ ಕಸಿಯಾದವರಿಗೆ ಕೊಡುವ ಸಿರೊಲಿಮಸ್ ಮೇಲೆ ಸಂಶೋಧಕರು ಈಗ ಆಸೆ ಇಟ್ಟಿದ್ದಾರೆ, ನಾನೂ ಇಟ್ಟಿದ್ದೇನೆ. ಅಲ್ಲಿಯವರೆಗೆ ವ್ಯಾಯಾಮ ಮತ್ತು ಇಂಥ ಸಾಮಾನುಗಳೇ ನಮಗೆ ಆಸರೆ.

ಕೊಳ್ಳುವ ಮುನ್ನ ನಿಮ್ಮ ಕಮೋಡಿನ ಬಾಯಿ ದುಂಡೋ ಮೊಟ್ಟೆಯಾಕಾರವೋ ನೋಡಿಕೊಳ್ಳಿ. ಸಾಧ್ಯವಾದರೆ ರೋಗಿಯನ್ನೇ ಅಂಗಡಿಗೆ ಕರೆದೊಯ್ದು, ಮುಂಗೈ ಊರಿ ಎದ್ದು ನೋಡಿದ ಮೇಲೆಯೇ ಹಣ ಕೊಡಿ.