ಶನಿವಾರಕ್ಕೆ ಯಾವ ಜೋಂಬಿ: ಗೋವಾದ್ದೋ, ಕೊರಿಯಾದ್ದೋ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಶನಿವಾರ ರಾತ್ರಿ ನೋಡೋಕೆ ಎರಡು ಜೋಂಬಿ (ಮನುಷ್ಯರನ್ನು ಕಚ್ಚುವ ಜೀವಂತ ಹೆಣ) ಸಿನಿಮಾಗಳ ಹೆಸರು ಉಳಿದಿವೆ: 2013ರ ಹಿಂದಿ ‘ಗೋ ಗೋವಾ ಗಾನ್’, 2016ರ ಕೊರಿಯನ್ ‘ಟ್ರೇನ್ ಟು ಬುಸಾನ್’.

ಜೋಂಬಿ ಅಂದ್ರೆ ಹೆದರುವವರಿಗೆ ಗೋವಾದ್ದೇ ಸುಲಭ. ದ್ವೀಪದಲ್ಲಿ ಪಾರ್ಟಿ, ಅಲ್ಲಿ ಹೊಸ ಡ್ರಗ್ಸ್, ತಗೊಂಡವರೆಲ್ಲ ಜೋಂಬಿ. ನಿಧಾನಕ್ಕೆ ಬರುತ್ತವೆ, ಹಾಗಾಗಿ ನಟರಾದ ಕುನಾಲ್ ಖೇಮು, ವೀರ್ ದಾಸ್ ಮಾತಿಗೆ ನಗೋಕೆ ಪುರುಸೊತ್ತು ಸಿಗುತ್ತದೆ. ಬೈಗುಳ ಜಾಸ್ತಿ, ಮಕ್ಕಳ ಜೊತೆ ಬೇಡ.

ಬುಸಾನ್‌ದು ಬೇರೆ ಲೆಕ್ಕ. ಇಲ್ಲಿ ಜೋಂಬಿಗಳು ಓಡುತ್ತವೆ, ಒಂದರ ಮೇಲೊಂದು ಬಿದ್ದು ಗಾಜು ಒಡೆದು ನುಗ್ಗುತ್ತವೆ. ಆದರೆ ಕತ್ತಲಲ್ಲಿ ಅವಕ್ಕೆ ಕಣ್ಣು ಕಾಣದು. ಅದಕ್ಕೇ ಪ್ರಯಾಣಿಕರು ಬೋಗಿಯ ಗಾಜಿನ ಬಾಗಿಲಿಗೆ ನೀರು ಹಾಕಿ ಪೇಪರ್ ಅಂಟಿಸಿ ಅವುಗಳ ಕಣ್ಣಿಗೆ ಮರೆಯಾಗುತ್ತಾರೆ, ರೈಲು ಸುರಂಗಕ್ಕೆ ಹೊಕ್ಕಾಗ ಸದ್ದಿಲ್ಲದೆ ಮುಂದಿನ ಬೋಗಿಗೆ ದಾಟುತ್ತಾರೆ. ಸಂಜೆ ಹೊತ್ತು ಕಲ್ಯಾಣ್ ಲೋಕಲ್ ರೈಲು ಹತ್ತುವ ನಮಗೆ ಆ ಇಕ್ಕಟ್ಟು ಬೇರೆ ವಿವರಿಸಬೇಕಿಲ್ಲ, ಅಲ್ವಾ? ಇದರ ನಡುವೆ, ಸದಾ ಕೆಲಸದಲ್ಲೇ ಮುಳುಗಿರುತ್ತಿದ್ದ ಅಪ್ಪ ಪುಟ್ಟ ಮಗಳಿಗಾಗಿ ಬದಲಾಗುತ್ತಾ ಹೋಗುವುದು ನಿಜಕ್ಕೂ ಕಣ್ಣು ಒದ್ದೆ ಮಾಡುತ್ತದೆ.

ನನ್ನ ಓಟು ಬುಸಾನ್‌ಗೆ. ಡಬ್ಬಿಂಗ್ ಬೇಡ, ಸಬ್‌ಟೈಟಲ್ ಹಾಕಿಕೊಂಡು ಕೊರಿಯನ್‌ನಲ್ಲೇ ನೋಡಿ.