ಮೊಣಕೈಗೆ ಪಿಆರ್‌ಪಿ ಇಂಜೆಕ್ಷನ್ ಮಾಡಿಸಿಕೊಂಡೆ

ದಿನಾ 200 ಜೋಳದ ರೊಟ್ಟಿ ತಟ್ಟುವ ಕೈ ನನ್ನದು. ಬಲ ಮೊಣಕೈ ಹೊರಗಡೆ 8 ತಿಂಗಳಿಂದ ನೋವು. ಟೆನಿಸ್ ಎಲ್ಬೋ ಅಂದರು. ಹುಬ್ಬಳ್ಳಿಯ ಒಂದು ಕ್ಲಿನಿಕ್‌ಗೆ ಹೋದೆ. ನನ್ನದೇ ರಕ್ತ ತೆಗೆದು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರು. ಕೆಂಪು ಕೆಳಗೆ ಕೂತು, ಮೇಲೆ ಕರಗಿದ ತುಪ್ಪದ ಬಣ್ಣದ ನೀರು ನಿಂತಿತು. ಪ್ಲೇಟ್‌ಲೆಟ್ ಅನ್ನೋ ರಕ್ತಕಣ ಜಾಸ್ತಿ ಇರುವ ಭಾಗವನ್ನು (ಅದೇ ಪಿಆರ್‌ಪಿ) ಸ್ಕ್ಯಾನ್ ನೋಡುತ್ತಾ ಟೆಂಡನ್‌ಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿಗೆ, ಚುಚ್ಚಿದರು. ಡಾಕ್ಟರ ಕೈ ಬಹಳ ಹಗುರ.

ಆದರೆ ಮೂರು ದಿನ ಚಹಾ ಲೋಟ ಎತ್ತಲೂ ಆಗಲಿಲ್ಲ. ಮೊದಲೇ ಹೇಳಬೇಕಿತ್ತು ಅಲ್ವಾ? ಐಬುಪ್ರೊಫೇನ್ ನೋವಿನ ಮಾತ್ರೆ ನುಂಗಬಾರದು ಅನ್ನೋದನ್ನೂ ನಾನು ಫೋನ್ ಮಾಡಿದ ಮೇಲೇ ಹೇಳಿದರು. ದುಡ್ಡೂ ಜಾಸ್ತಿ. ಎಲ್ಲರಿಗೂ ಗುಣ ಸಿಗುತ್ತದೆ ಅನ್ನಲಾರೆ. ಫಿಸಿಯೋಥೆರಪಿ ವ್ಯಾಯಾಮವನ್ನಂತೂ ಬಿಡಬೇಡಿ.

ನನಗೆ ಆರನೇ ವಾರದಿಂದ ನೋವು ಇಳಿಯಿತು. ಮೂರು ತಿಂಗಳಾಯಿತು. ಮೊನ್ನೆ 50 ರೊಟ್ಟಿ ತಟ್ಟಿದೆ, ಕೈ ಸುಮ್ನೆ ಇತ್ತು.